ಕ್ಷೇತ್ರಕೇಂದ್ರ, ಜಡತ್ವ ಭ್ರಾಮಕ ಮತ್ತು ಖಡಕವಾಸಲೆಯ ಗೋಡೆ

ಪುಣೆಯ ನೈಋತ್ಯಕ್ಕೆ ಮುಠಾ ನದಿಗೆ ಕಟ್ಟಿರುವ ಖಡಕವಾಸಲಾ ಅಣೆಕಟ್ಟು ಆ ನಗರದ ಕನ್ನಡಿಗರಿಗೆ ಎರಡು ಕಾರಣಗಳಿಂದ ಪರಿಚಿತವಾದುದು. ಊರಿನ ಕುಡಿಯುವ ನೀರು ಅಲ್ಲಿಂದ ಬರುವುದೆಂಬುದು ಒಂದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಮೊಟ್ಟಮೊದಲು ಅಳವಡಿಸಿದುದು ಅಲ್ಲಿಯೇ ಎಂಬುದು ಇನ್ನೊಂದು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿದ ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1870ರ ದಶಕದಲ್ಲಿ ಕಲ್ಲುಗಾರೆಯಿಂದ ಕಟ್ಟಿದ ಖಡಕವಾಸಲೆಯ ಜಲಾಶಯಕ್ಕೆ ಆ ಕಾಲದಲ್ಲಿ ಫೈಫ್ ಸರೋವರವೆಂದು ಹೆಸರಿದ್ದಿತು. ಮಳೆಗಾಲದ ಪ್ರವಾಹದಲ್ಲಿ ಅದರ ಕೋಡಿಯ ಮೇಲೆ 6ರಿಂದ 8 ಅಡಿ ನೀರು ಹರಿದು ಹೋಗುತ್ತಿದ್ದಿತು. 1903ರಲ್ಲಿ ಆ ಕೋಡಿಗೆ ಬಾಗಿಲುಗಳನ್ನು ಕೂಡಿಸಿ, ಗೋಡೆಯನ್ನು ಎತ್ತರಿಸದೆಯೇ, ಸುಮಾರು 8 ಅಡಿ ಹೆಚ್ಚಿನ ಮಟ್ಟಕ್ಕೆ ನೀರನ್ನು ನಿಲ್ಲಿಸಲು ಸಾಧ್ಯವಾಯಿತು. ಸಂಗ್ರಹವು ಸುಮಾರು ಶೇಕಡ 25ರಷ್ಟು ವೃದ್ಧಿಯಾಯಿತು.

ಈ ವೃತ್ತಾಂತವನ್ನು ಅಭಿಮಾನದಿಂದ ಹೇಳುವವರು ಅನೇಕರು. ಆದರೆ ಗೋಡೆಯನ್ನೇ 8 ಅಡಿ ಎತ್ತರಿಸಿದ್ದರೆ ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅದರ ಉತ್ತರವು ಯಂತ್ರಶಾಸ್ತ್ರದ ಎರಡು ಪರಿಮಾಣಗಳಲ್ಲಿ ಅಡಗಿದೆ. ಇವುಗಳಿಗೆ ಇಂಗ್ಲಿಷಿನಲ್ಲಿ ಸೆಂಟ್ರಾಯ್ಡ್ ಎಂದೂ ಮೊಮೆಂಟ್ ಆಫ್ ಇನರ್ಷಿಯಾ ಎಂದೂ ಹೆಸರು. ಇಲ್ಲಿ ಮೊದಲನೆಯದನ್ನು ಕ್ಷೇತ್ರಕೇಂದ್ರವೆಂದೂ ಎರಡನೆಯದನ್ನು ಜಡತ್ವ ಭ್ರಾಮಕವೆಂದೂ ಕರೆಯಲಾಗಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲನೆಯ ವರ್ಷದಲ್ಲಿಯೇ ಇವುಗಳ ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ಸೂತ್ರದ ಹಿಂದಿರುವ ಅರ್ಥವು ಮಾತ್ರ ಎಷ್ಟೋ ವೇಳೆ ಮರೆಯಲ್ಲಿಯೇ ಉಳಿಯುತ್ತದೆ.

ಕ್ಷೇತ್ರಕೇಂದ್ರದ ಕಲ್ಪನೆಯು ಲೇವಾದೇವಿಯ ಲೆಕ್ಕ ಬಲ್ಲವರಿಗೆ ಹೊಸದಲ್ಲ. ಒಬ್ಬನು 10ನೆಯ ದಿನ 100 ರೂಪಾಯಿಗಳನ್ನೂ 30ನೆಯ ದಿನ 300 ರೂಪಾಯಿಗಳನ್ನೂ ಕೊಡಬೇಕಾಗಿದೆ ಎನ್ನಿ. ಎರಡನ್ನೂ ಒಟ್ಟಿಗೆ ಒಂದೇ ದಿನ ಕೊಟ್ಟು ಯಾರಿಗೂ ನಷ್ಟವಾಗದಂತೆ ಮಾಡಬೇಕಾದರೆ ಆ ದಿನ ಯಾವುದು? ಪ್ರತಿಯೊಂದು ಮೊಬಲಗನ್ನು ಅದರ ದಿನದಿಂದ ಗುಣಿಸಿ ಕೂಡಿದರೆ 10,000. ಅದನ್ನು ಒಟ್ಟು ಮೊಬಲಗು 400ರಿಂದ ಭಾಗಿಸಿದರೆ 25ನೆಯ ದಿನ. ಕ್ಷೇತ್ರಕೇಂದ್ರವನ್ನು ಕಂಡುಹಿಡಿಯುವುದೂ ಹೀಗೆಯೇ. ಆಕೃತಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾವಿಸಿ, ಒಂದೊಂದು ತುಂಡಿನ ವಿಸ್ತೀರ್ಣವನ್ನೂ ಒಂದು ಗೊತ್ತಾದ ರೇಖೆಯಿಂದ ಅದಕ್ಕಿರುವ ದೂರದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಬೇಕು. ಆಯತದಲ್ಲಿ ಈ ಬಿಂದುವು ನಟ್ಟನಡುವೆ ಬೀಳುತ್ತದೆ. ತ್ರಿಕೋನದಲ್ಲಿ ಪಾದದಿಂದ ಎತ್ತರದ ಮೂರನೆಯ ಒಂದು ಪಾಲಿನಲ್ಲಿ. ಆಯತ ತ್ರಿಕೋನಗಳು ಕೂಡಿದ ಆಕೃತಿಯಾದರೆ ಎರಡನ್ನೂ ಬೇರೆಬೇರೆಯಾಗಿ ಲೆಕ್ಕಿಸಿ, ಎರಡು ಮೊಬಲಗುಗಳನ್ನು ಕೂಡಿಸಿದಂತೆಯೇ ಕೂಡಿಸಿದರೆ ಸಾಕು. ಗೋಡೆಯ ತೂಕವೆಲ್ಲವೂ ಅದರ ಅಡ್ಡಕೊಯ್ತದ ಕ್ಷೇತ್ರಕೇಂದ್ರದಲ್ಲಿ ಕೆಳಮುಖವಾಗಿ ನಿಂತಂತೆ ಎಣಿಸಬಹುದೆಂಬುದೇ ಇದರ ಪ್ರಯೋಜನ.

ಎರಡನೆಯ ಪರಿಮಾಣದಲ್ಲಿ ದೂರದಿಂದ ಒಂದು ಸಲವಲ್ಲ, ಎರಡು ಸಲ ಗುಣಿಸಬೇಕಾಗುತ್ತದೆ. ಇದರ ಪರಿಣಾಮವನ್ನು ಹಳೆಯ ಮನೆಗಳ ತೊಲೆಗಳಲ್ಲಿ ಕಾಣಬಹುದು. 10 ಸೆಂಟಿಮೀಟರ್ ದಪ್ಪ, 20 ಸೆಂಟಿಮೀಟರ್ ಅಗಲದ ತೊಲೆಯನ್ನು ಬಡಗಿಯು ಮಗ್ಗುಲಾಗಿ ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸುತ್ತಾನೆ. ಮರವೂ ಅದೇ, ವಿಸ್ತೀರ್ಣವೂ ಅದೇ. ಆದರೆ ಆಯತದ ಜಡತ್ವ ಭ್ರಾಮಕವು ಅಗಲವನ್ನು ಎತ್ತರದ ಘನದಿಂದ ಗುಣಿಸಿ 12ರಿಂದ ಭಾಗಿಸಿದಷ್ಟು. ಆದುದರಿಂದ ನಿಲ್ಲಿಸಿದ ತೊಲೆಯ ಭ್ರಾಮಕವು ಮಲಗಿಸಿದುದರ ನಾಲ್ಕರಷ್ಟು, ಬಾಗುವಿಕೆ ನಾಲ್ಕನೆಯ ಒಂದರಷ್ಟು. ಬರಿಯ ಕ್ಷೇತ್ರಕ್ಕೆ ತೂಕವಿಲ್ಲ, ಜಡತ್ವವೂ ಇಲ್ಲ. ತಿರುಗುವ ಚಕ್ರದ ದ್ರವ್ಯವನ್ನು ಕುರಿತ ಲೆಕ್ಕದಲ್ಲಿ ಇದೇ ಬಗೆಯ ಗುಣಾಕಾರವು ಬರುವುದರಿಂದ ಆ ಹೆಸರು ಇಲ್ಲಿಗೂ ಅಂಟಿಕೊಂಡಿತು. ಹೆಸರು ಎರವಲಿನದು, ತಾತ್ಪರ್ಯವು ಸರಳವಾದುದು. ಕ್ಷೇತ್ರವು ಎಷ್ಟಿದೆ ಎಂಬುದಕ್ಕಿಂತ ನಡುವಿನಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದನ್ನು ಅದು ಅಳೆಯುತ್ತದೆ.

ನೀರಿನ ವಿಷಯದಲ್ಲಿ ಈ ಎರಡನೆಯ ಗುಣಾಕಾರವು ತಾನಾಗಿಯೇ ಒದಗುತ್ತದೆ. ಆಳವಾದಂತೆ ನೀರಿನ ಒತ್ತಡವು ಅದೇ ಪ್ರಮಾಣದಲ್ಲಿ ಹೆಚ್ಚುವುದು. ಇದು ಆಳದಿಂದ ಒಂದು ಗುಣಾಕಾರ. ಆ ಒತ್ತಡವು ನೀರಿನ ಮೇಲ್ಮಟ್ಟದಿಂದ ಎಷ್ಟು ಕೆಳಗೆ ಒಟ್ಟುಗೂಡುವುದೆಂದು ತಿಳಿಯಲು ಮತ್ತೊಮ್ಮೆ ಆಳದಿಂದ ಗುಣಿಸಬೇಕು. ಮೇಲ್ಮಟ್ಟದ ರೇಖೆಯನ್ನು ಕುರಿತ ಜಡತ್ವ ಭ್ರಾಮಕವನ್ನು ಅದೇ ರೇಖೆಯನ್ನು ಕುರಿತ ಮೊದಲನೆಯ ಭ್ರಾಮಕದಿಂದ ಭಾಗಿಸಿದರೆ ಒತ್ತಡದ ಕೇಂದ್ರವು ದೊರೆಯುತ್ತದೆ. ನೇರವಾದ ಆಯತಾಕಾರದ ಮುಖಕ್ಕೆ ಅದು ಆಳದ ಮೂರನೆಯ ಎರಡು ಪಾಲಿನಲ್ಲಿರುವುದು. ತುದಿಯವರೆಗೆ ನೀರು ನಿಂತ 8 ಅಡಿ ಎತ್ತರದ ಬಾಗಿಲಿನ ಕ್ಷೇತ್ರಕೇಂದ್ರವು 4 ಅಡಿ ಕೆಳಗಿದ್ದರೆ, ನೀರು ಅದನ್ನು ನೂಕುವ ಬಿಂದುವು 5 ಅಡಿ 4 ಅಂಗುಲ ಕೆಳಗಿರುತ್ತದೆ. ಬಾಗಿಲಿನ ಆಧಾರಗಳನ್ನು ಎಲ್ಲಿ ಕೊಡಬೇಕೆಂದು ನಿರ್ಧರಿಸುವವನು ಈ 16 ಅಂಗುಲಗಳ ವ್ಯತ್ಯಾಸವನ್ನು ಅಲಕ್ಷಿಸುವಂತಿಲ್ಲ.

ಗೋಡೆಯ ಭದ್ರತೆಯಲ್ಲಿ ಕ್ಷೇತ್ರಕೇಂದ್ರವೂ ಜಡತ್ವ ಭ್ರಾಮಕವೂ ಕೂಡಿ ಬರುತ್ತವೆ. ತೂಕವು ಗೋಡೆಯನ್ನು ಕೆಳಕ್ಕೆ ಒತ್ತುತ್ತದೆ, ನೀರು ಅದನ್ನು ಹೊರಕ್ಕೆ ನೂಕುತ್ತದೆ. ಎರಡೂ ಸೇರಿದ ಬಲವು ತಳದ ಒಂದು ಬಿಂದುವಿನಲ್ಲಿ ನೆಲವನ್ನು ಮುಟ್ಟುತ್ತದೆ. ಆ ಬಿಂದುವು ತಳದ ನಡುವಿನಿಂದ ಹೊರಕ್ಕೆ ಸರಿದಂತೆ ಹೊರ ಅಂಚಿನ ಒತ್ತಡವು ಏರಿ ನೀರಿನ ಕಡೆಯ ಅಂಚಿನ ಒತ್ತಡವು ಇಳಿಯುತ್ತದೆ. ಅದು ಸೊನ್ನೆಗೆ ಬರುವ ಗಡಿ ಯಾವುದೆಂಬುದನ್ನು ತಳದ ಜಡತ್ವ ಭ್ರಾಮಕವೇ ಹೇಳುತ್ತದೆ: ನಡುವಿನಿಂದ ಅತ್ತ ಇತ್ತ ಅಗಲದ ಆರನೆಯ ಒಂದು ಪಾಲು. ಎಂದರೆ ಬಲವು ತಳದ ನಡುವಣ ಮೂರನೆಯ ಭಾಗದೊಳಗೆ ಬೀಳಬೇಕು. ಅದನ್ನು ಮೀರಿದರೆ ನೀರಿನ ಕಡೆಯ ಕಲ್ಲುಗಾರೆಯಲ್ಲಿ ಎಳೆತವುಂಟಾಗುತ್ತದೆ. ಸುಣ್ಣದ ಗಾರೆಯು ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು. ಸ್ಕಾಟ್ಲೆಂಡಿನ ವಿದ್ವಾಂಸ ರ‍್ಯಾಂಕಿನ್ 1872ರಲ್ಲಿ ಕಲ್ಲುಗಾರೆಯ ಅಣೆಕಟ್ಟುಗಳನ್ನು ಕುರಿತು ಬರೆದ ವರದಿಯಲ್ಲಿ ಈ ನಿಯಮವನ್ನು ಒತ್ತಿ ಹೇಳಿದನು. ಆ ವರದಿಯು ಮುಂಬಯಿ ನಗರಸಭೆಯ ಇಂಜಿನಿಯರರ ಕೋರಿಕೆಯ ಮೇರೆಗೆ ಸಿದ್ಧವಾದುದೆಂಬುದು ಗಮನಾರ್ಹ. ಈ ಎಚ್ಚರಿಕೆಯ ಬೆಲೆಯು 1895ರಲ್ಲಿ ಫ್ರಾನ್ಸಿನ ಬೂಜೇ ಅಣೆಕಟ್ಟು ಒಡೆದು 80ಕ್ಕೂ ಹೆಚ್ಚು ಜನ ಮಡಿದಾಗ ಲೋಕಕ್ಕೆ ಮನವರಿಕೆಯಾಯಿತು. ಅಲ್ಲಿ ಗೋಡೆಯು ತೆಳುವಾಗಿದ್ದಿತು. ನೀರಿನ ಕಡೆಯ ಬಿರುಕುಗಳನ್ನು ಹೊಕ್ಕ ನೀರು ಅದನ್ನು ಮೇಲಕ್ಕೆತ್ತಿತು.

ಈಗ ಮೊದಲಿನ ಪ್ರಶ್ನೆಗೆ ಹಿಂತಿರುಗಬಹುದು. ಉದಾಹರಣೆಗಾಗಿ 30 ಮೀಟರ್ ಎತ್ತರದ, ತಳದಲ್ಲಿ 21 ಮೀಟರ್ ಅಗಲದ, ನೀರಿನ ಕಡೆ ನೆಟ್ಟಗಿರುವ ತ್ರಿಕೋನಾಕಾರದ ಗೋಡೆಯೊಂದನ್ನು ಕಲ್ಪಿಸಿಕೊಂಡರೆ ಲೆಕ್ಕವು ಸುಲಭವಾಗುತ್ತದೆ. ಕಲ್ಲುಗಾರೆಯು ನೀರಿಗಿಂತ 2.4 ಪಟ್ಟು ಭಾರವೆಂದು ಹಿಡಿದರೆ ಒಂದು ಮೀಟರ್ ಉದ್ದದ ಗೋಡೆಯ ತೂಕ 756 ಟನ್. ಅದು ನೀರಿನ ಕಡೆಯ ಅಂಚಿನಿಂದ 7 ಮೀಟರ್ ದೂರದಲ್ಲಿ ಇಳಿಯುತ್ತದೆ. ತುದಿಯವರೆಗೆ ನಿಂತ ನೀರಿನ ನೂಕು 450 ಟನ್. ಅದು ತಳದಿಂದ 10 ಮೀಟರ್ ಮೇಲಿರುವುದರಿಂದ ಉರುಳಿಸುವ ಭ್ರಾಮಕ 4,500. ಇದನ್ನು ತೂಕದಿಂದ ಭಾಗಿಸಿದರೆ ಬಲವು ಸುಮಾರು 5.95 ಮೀಟರ್ ಹೊರಕ್ಕೆ ಸರಿದು, ಅಂಚಿನಿಂದ 12.95 ಮೀಟರ್ ದೂರದಲ್ಲಿ ಬೀಳುವುದು. ನಡುವಣ ಮೂರನೆಯ ಭಾಗವು 7ರಿಂದ 14 ಮೀಟರ್‌ವರೆಗೆ ಇರುವುದರಿಂದ ಗೋಡೆಯು ಕ್ಷೇಮ.

ಇದರ ತಲೆಯ ಮೇಲೆ ತೆಳುವಾದ ಗೋಡೆಯನ್ನೇರಿಸಿ 2.4 ಮೀಟರ್, ಎಂದರೆ ಸುಮಾರು 8 ಅಡಿ, ಹೆಚ್ಚು ನೀರನ್ನು ನಿಲ್ಲಿಸಿದರೆ ಏನಾಗುವುದು? ನೀರಿನ ಎತ್ತರವು ಶೇಕಡ 8ರಷ್ಟು ಮಾತ್ರ ಹೆಚ್ಚುತ್ತದೆ. ಆದರೆ ಉರುಳಿಸುವ ಭ್ರಾಮಕವು ಎತ್ತರದ ಘನವನ್ನು ಅನುಸರಿಸುವುದರಿಂದ ಅದು ಶೇಕಡ 26ರಷ್ಟು ಏರಿ ಸುಮಾರು 5,669 ಆಗುತ್ತದೆ. ಏರಿಸಿದ ತೆಳುಗೋಡೆಯ ಅಲ್ಪ ತೂಕವನ್ನು ಬಿಟ್ಟರೆ, ಬಲವು ಈಗ 14.5 ಮೀಟರ್ ದೂರದಲ್ಲಿ ಬೀಳುತ್ತದೆ, ಗಡಿಯನ್ನು ದಾಟಿತು. ತಲೆಯನ್ನು ಎತ್ತರಿಸಬೇಕಾದರೆ ಪಾದವನ್ನೂ ಅಗಲಿಸಬೇಕು, ಎಂದರೆ ಗೋಡೆಯನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಬೇಕು.

ಸ್ವಯಂಚಾಲಿತ ಬಾಗಿಲುಗಳು ಈ ತೊಡಕನ್ನು ಬೇರೊಂದು ದಿಕ್ಕಿನಿಂದ ಬಿಡಿಸಿದವು. ಪ್ರವಾಹದ ದಿನಗಳಲ್ಲಿ ಕೋಡಿಯ ಮೇಲೆ 6ರಿಂದ 8 ಅಡಿ ನೀರು ಹರಿಯುವಾಗ ಅಷ್ಟು ಎತ್ತರದ ನೀರಿನ ನೂಕನ್ನು ಖಡಕವಾಸಲೆಯ ಗೋಡೆಯು ಅದಾಗಲೇ ತಾಳುತ್ತಿದ್ದಿತು. ಕೆಲವು ದಿನ ಮಾತ್ರ ಬರುತ್ತಿದ್ದ ಆ ಮಟ್ಟವನ್ನು ಬಾಗಿಲುಗಳು ಸ್ಥಿರಗೊಳಿಸಿದವು. ಅದಕ್ಕಿಂತ ಮೇಲೇರಿದ ಕೂಡಲೆ ತಾವೇ ತೆರೆದುಕೊಂಡು ಹಳೆಯ ಕೋಡಿಯನ್ನು ನೀರಿಗೆ ಬಿಟ್ಟುಕೊಟ್ಟವು. ಗೋಡೆಯ ಪಾಲಿಗೆ ಹೊಸ ಹೊರೆಯು ಬರಲಿಲ್ಲ. ಬಾಗಿಲುಗಳು ತಾವಾಗಿಯೇ ತೆರೆಯುವುದು ಇಲ್ಲಿ ಚಮತ್ಕಾರವಲ್ಲ, ಅವಶ್ಯಕತೆ. ಪ್ರವಾಹದ ಹೊತ್ತಿನಲ್ಲಿ ಅವು ಮುಚ್ಚಿಯೇ ಇದ್ದರೆ ಬರುವ ನೀರು 8 ಅಡಿಗಳ ಮೇಲೆ ಮತ್ತೆ ಏರಬೇಕಾಗುತ್ತಿದ್ದಿತು.

ಪಾದದ ಅಗಲವನ್ನು ಮೊದಲೇ ನಿಶ್ಚಯಿಸಬೇಕೆಂಬ ನಿಯಮದ ಇನ್ನೊಂದು ನಿದರ್ಶನವು ಮೈಸೂರು ಸೀಮೆಯಲ್ಲಿದೆ. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾದಾಗ ಮದರಾಸು ಸರ್ಕಾರದ ಒಪ್ಪಿಗೆ ದೊರೆತಿದ್ದುದು 11 ಶತಕೋಟಿ ಘನ ಅಡಿ ನೀರಿಗೆ ಮಾತ್ರ. ಮೈಸೂರು ಸಂಸ್ಥಾನವು ಅಡಿಪಾಯವನ್ನು ಮಾತ್ರ ಮುಂದೆ ನಿಲ್ಲಿಸಬೇಕೆಂದಿದ್ದ 41.5 ಶತಕೋಟಿ ಘನ ಅಡಿಗೆ ತಕ್ಕಷ್ಟು ಅಗಲವಾಗಿ ಹಾಕಿತು. ಮದರಾಸಿನವರು ಇದನ್ನು ಆಕ್ಷೇಪಿಸಿದರು. ಇಬ್ಬರಿಗೂ ಒಂದೇ ಸಂಗತಿ ತಿಳಿದಿದ್ದಿತು: ಗೋಡೆಯು ಎಷ್ಟು ಎತ್ತರಕ್ಕೆ ಬೆಳೆಯಬಲ್ಲುದೆಂಬುದು ಅದರ ತಳದ ರೇಖೆಯಲ್ಲಿಯೇ ಬರೆದಿರುತ್ತದೆ.

ಖಡಕವಾಸಲೆಯ ಹಳೆಯ ಗೋಡೆಗೆ ಕೊನೆಯ ಪರೀಕ್ಷೆಯು 1961ರ ಜುಲೈ 12ರಂದು ಬಂದಿತು. ಮೇಲುಗಡೆ ಅಂಬಿ ನದಿಗೆ ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಅಂದು ಒಡೆಯಿತು. ಆ ಪ್ರವಾಹಕ್ಕೆ ಕೋಡಿಯೂ ಬಾಗಿಲುಗಳೂ ಸಾಲದೆ ನೀರು ಗೋಡೆಯ ತಲೆಯ ಮೇಲೆಯೇ ಹರಿಯಿತು. ಕೆಲವು ಗಂಟೆಗಳ ಕಾಲ ಅದನ್ನು ತಾಳಿದ ಬಳಿಕ ಗೋಡೆಯು ಒಡೆದು ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ಮೇಲೆ ಕಲ್ಪಿಸಿದ ಗೋಡೆಯ ತಲೆಯ ಮೇಲೆ 2.4 ಮೀಟರ್ ನೀರು ಹರಿದರೂ ಬಲವು 14.4 ಮೀಟರ್ ದೂರದಲ್ಲಿ, ಗಡಿಯಾಚೆಗೇ ಬೀಳುತ್ತದೆ. ಆಗ ಸಂದುಗಳು ಬಾಯ್ಬಿಡುತ್ತವೆ. ಅವುಗಳನ್ನು ಹೊಕ್ಕ ನೀರು ತೂಕದ ನೆರವನ್ನು ಕಸಿಯುತ್ತದೆ. ಒಂದೊಂದು ಗಂಟೆಯೂ ಗೋಡೆಗೆ ಪ್ರತಿಕೂಲವಾಗುತ್ತದೆ. ಆಗಿನ್ನೂ ಬದುಕಿದ್ದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ತೀರಿಕೊಂಡರು.

ಅಣೆಕಟ್ಟನ್ನು ಮತ್ತೆ ಕಟ್ಟಿ ಬಳಕೆಗೆ ತರಲಾಯಿತು. ಪುಣೆಯು ಇಂದಿಗೂ ಅದರ ನೀರನ್ನು ಕುಡಿಯುತ್ತಿದೆ. ವಿಶ್ವೇಶ್ವರಯ್ಯನವರು ಓದಿದ ಕಾಲೇಜು ಈಗ ತಾಂತ್ರಿಕ ವಿಶ್ವವಿದ್ಯಾನಿಲಯವಾಗಿದೆ. ತ್ರಿಕೋನದ ಕ್ಷೇತ್ರಕೇಂದ್ರವನ್ನೂ ಆಯತದ ಜಡತ್ವ ಭ್ರಾಮಕವನ್ನೂ ಅಂಕಗಳಿಗಾಗಿ ಬಿಡಿಸುವ ವಿದ್ಯಾರ್ಥಿಯು, ಆ ಮೂರನೆಯ ಒಂದು, ಆರನೆಯ ಒಂದು ಎಂಬ ಸಣ್ಣ ಭಿನ್ನರಾಶಿಗಳು ಒಂದು ಊರಿನ ಮೇಲ್ಗಡೆ ಎಷ್ಟು ನೀರು ನಿಲ್ಲಬಹುದೆಂಬುದನ್ನು ತೀರ್ಮಾನಿಸುತ್ತವೆಂದು ತಿಳಿಯಲು ಹತ್ತಾರು ಮೈಲಿ ದಾಟಬೇಕಾದುದಿಲ್ಲ; ನದಿಯ ದಂಡೆಯನ್ನು ಹಿಡಿದು ಮೇಲಕ್ಕೆ ನಡೆದರೆ ಆ ಗೋಡೆಯೇ ಎದುರಾಗುತ್ತದೆ.