ಕತ್ತಲೆಯಲ್ಲಿ ಕಂಡ ಕುದುರೆ

ಮಾಘಮಾಸದ ಇರುಳಿನ ಮೊದಲ ಜಾವದಲ್ಲಿ ನೆತ್ತಿಯಿಂದ ತುಸು ದಕ್ಷಿಣಕ್ಕೆ ದೃಷ್ಟಿ ಹಾಯಿಸಿದರೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ ಗೋಚರಿಸುತ್ತವೆ. ಅವುಗಳಲ್ಲಿ ಪೂರ್ವದ ತುದಿಯ ನಕ್ಷತ್ರದ ಕೆಳಗೆ, ಬರಿಗಣ್ಣಿಗೆ ನಿಲುಕದ ಒಂದು ಕುದುರೆಯ ತಲೆಯುಂಟು. ಕೆಂಪು ಪ್ರಭೆಯ ಎದುರು ಕೊರಳು ಬಾಗಿಸಿ ನಿಂತಂತಿರುವ ಈ ಕಪ್ಪು ಆಕೃತಿಗೆ ಅಶ್ವಶಿರ ನೀಹಾರಿಕೆಯೆಂದು ಹೆಸರು. ಭೂಮಿಯಿಂದ ಇದರ ದೂರ ಸುಮಾರು 1300 ಜ್ಯೋತಿರ್ವರ್ಷ.

1888ರ ಫೆಬ್ರವರಿ 6ರಂದು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಪರವಾಗಿ ವಿಲಿಯಂ ಪಿಕರಿಂಗ್ ಈ ಭಾಗದ ಛಾಯಾಚಿತ್ರವನ್ನು ಗಾಜಿನ ಫಲಕದ ಮೇಲೆ ತೆಗೆದರು. ಅದನ್ನು ಪರಿಶೀಲಿಸಿದವರು ವಿಲಿಯಮಿನಾ ಫ್ಲೆಮಿಂಗ್. ಸ್ಕಾಟ್ಲೆಂಡಿನಿಂದ ವಲಸೆ ಬಂದು, ಪತಿಯಿಂದ ಪರಿತ್ಯಕ್ತರಾಗಿ, ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಮನೆಗೆಲಸಕ್ಕಿದ್ದ ಆಕೆ ಅನಂತರ ಅದೇ ವೀಕ್ಷಣಾಲಯದ ಉದ್ಯೋಗಿಯಾಗಿದ್ದರು. ಫಲಕದಲ್ಲಿ ಆಕೆ ಕುದುರೆಯನ್ನು ಕಾಣಲಿಲ್ಲ. ಬೆಳಕಿನ ಅಂಚಿನಲ್ಲಿ ಅರ್ಧವೃತ್ತಾಕಾರದ ಒಂದು ಕಚ್ಚನ್ನು ಕಂಡು, ಅಳತೆಸಹಿತ ಬರೆದಿಟ್ಟರು. 1895ರಲ್ಲಿ ಹೊರಬಂದ ನೀಹಾರಿಕೆಗಳ ಸೂಚಿಯಲ್ಲಿ ಶೋಧದ ಕೀರ್ತಿ ಪಿಕರಿಂಗ್ ಹೆಸರಿಗೆ ಸಂದಿತು. ಕಂಡ ಕಣ್ಣನ್ನು ಮರೆತ ಸೂಚಿ ಅದು!

ಈ ಕಪ್ಪು ಯಾವುದು? ಇಂತಹ ತಾಣಗಳನ್ನು ಹಿಂದೆ ವಿಲಿಯಂ ಹರ್ಷೆಲ್‌ರಂತಹ ಮಹಾ ಖಗೋಳಜ್ಞರೂ ಆಕಾಶದ ರಂಧ್ರಗಳೆಂದು ಭಾವಿಸಿದ್ದುಂಟು. ಎಡ್ವರ್ಡ್ ಬರ್ನಾರ್ಡ್ ಬಹುಕಾಲ ಸಂದೇಹದಲ್ಲಿ ತೊಳಲಿ, ಕಡೆಗೆ ಇವುಗಳಲ್ಲಿ ಅನೇಕವು ಹಿಂದಿನ ಬೆಳಕನ್ನು ಮರೆಮಾಡುವ ದ್ರವ್ಯರಾಶಿಗಳೆಂಬ ನಿಲುವಿಗೆ ಬಂದರು. 1919ರಲ್ಲಿ ಅವರು ಪ್ರಕಟಿಸಿದ 182 ಕಪ್ಪು ತಾಣಗಳ ಪಟ್ಟಿಯಲ್ಲಿ ಅಶ್ವಶಿರ 33ನೆಯದು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳ ಕಾಂತಿಯನ್ನು ಅಳೆದು, ನಕ್ಷತ್ರಗಳ ನಡುವೆ ಧೂಳಿರುವುದನ್ನು ಸ್ಥಿರಪಡಿಸಿದರು. ಕುದುರೆಯ ಹಿಂದೆ ಜಲಜನಕ ಅನಿಲವು ಸಿಗ್ಮಾ ಒರಾಯನಿಸ್ ನಕ್ಷತ್ರದ ಪ್ರಖರ ಕಿರಣಗಳಿಂದ ಕೆಂಪಗೆ ಬೆಳಗುತ್ತದೆ. ಮುಂದಿರುವ ಶೀತಲ ಅನಿಲ ಹಾಗೂ ಧೂಳಿನ ಮೋಡ, ಸಂಜೆಗೆಂಪಿಗೆ ಎದುರಾದ ಮರದಂತೆ, ಕಪ್ಪಾಗಿ ತೋರುತ್ತದೆ. ಬರಿದೆಂದು ತಿಳಿದದ್ದೇ ಇಲ್ಲಿ ತುಂಬಿದ ತಾಣ. ಹಾಗೆಂದು ವಚನಗಳ ಬಯಲನ್ನು ತಂದು ಇದಕ್ಕೆ ಜೋಡಿಸುವ ಆತುರ ಸಲ್ಲದು. ಅದು ಅನುಭಾವದ ಮಾತು, ಇದು ಧೂಳಿನ ಲೆಕ್ಕ.

ಇನ್ನು ಆಕಾರದ ವಿಚಾರ. ಮುಂಗಾರು ಮೋಡದಲ್ಲಿ ಆನೆಯನ್ನು ಕಾಣುವ ಮಗುವಿನ ಕಣ್ಣೇ ಇಲ್ಲಿಯೂ ಕೆಲಸ ಮಾಡುತ್ತದೆ. ಅಸ್ಪಷ್ಟವಾದುದರಲ್ಲಿ ಪರಿಚಿತ ರೂಪವನ್ನು ಹುಡುಕುವುದು ಮಿದುಳಿನ ಸಹಜ ವ್ಯಾಪಾರ. ಐರ್ಲೆಂಡಿನ ಲಾರ್ಡ್ ರಾಸ್ 1844ರ ಸುಮಾರಿಗೆ ಬರೆದ ಚಿತ್ರವೊಂದು ಏಡಿಯಂತಿದ್ದುದರಿಂದ ಏಡಿ ನೀಹಾರಿಕೆಯೆಂಬ ಹೆಸರು ಬಂದಿತು. 1848ರಲ್ಲಿ ಇನ್ನೂ ದೊಡ್ಡ ದೂರದರ್ಶಕದಲ್ಲಿ ನೋಡಿದಾಗ ಆ ಹೋಲಿಕೆ ಕಾಣಲಿಲ್ಲ. ಹೆಸರು ಮಾತ್ರ ಉಳಿಯಿತು. ಅಶ್ವಶಿರದ್ದೂ ಹೀಗೆಯೇ. 2013ರಲ್ಲಿ ಹಬಲ್ ವ್ಯೋಮ ದೂರದರ್ಶಕವು ಅವಗೆಂಪು ಕಿರಣಗಳಲ್ಲಿ ತೆಗೆದ ಚಿತ್ರದಲ್ಲಿ ಕಪ್ಪು ತಲೆ ಕರಗಿ, ತೆಳುವಾದ ಹೊಗೆಯ ಮಡಿಕೆಗಳಂತೆ ತೋರಿತು. ಅವಗೆಂಪು ಕಣ್ಣಿಗೆ ಕಾಣದ ಬೆಳಕು. ಚಿತ್ರದ ಬಣ್ಣಗಳು ವಿಜ್ಞಾನಿಗಳು ಕೊಟ್ಟವು. ಇದನ್ನು ವಂಚನೆಯೆನ್ನಲಾಗದು. ಭೂಪಟದಲ್ಲಿ ಬೆಟ್ಟಕ್ಕೊಂದು, ಬಯಲಿಗೊಂದು ಬಣ್ಣ ತುಂಬುವ ಕ್ರಮವನ್ನು ಯಾವ ಉಪಾಧ್ಯಾಯರೂ ಆಕ್ಷೇಪಿಸರಷ್ಟೆ.

2024ರಲ್ಲಿ ಪ್ರಕಟವಾದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳು ಕುದುರೆಯ ನೆತ್ತಿಯ ಅಂಚನ್ನೇ ಹತ್ತಿರದಿಂದ ತೋರಿಸಿವೆ. ನಕ್ಷತ್ರದ ಕಿರಣಗಳ ತಾಪಕ್ಕೆ ಅಲ್ಲಿಂದ ಅನಿಲ ಮತ್ತು ಧೂಳು ಎಳೆಎಳೆಯಾಗಿ ಹೊರಕ್ಕೆ ಹರಿಯುತ್ತಿವೆ. ಸುಮಾರು 50 ಲಕ್ಷ ವರ್ಷಗಳಲ್ಲಿ ಆ ತಲೆಯು ಪೂರ್ತಿಯಾಗಿ ಚದುರಿಹೋಗುವುದೆಂದು ಖಗೋಳಜ್ಞರ ಅಂದಾಜು.