ಹೇನು ಬಂದದ್ದು ಎಲ್ಲಿಂದ?

‘ಡಾಕ್ಟ್ರೇ, ನಮ್ಮ ಮನೆಯಲ್ಲಿ ಯಾರಿಗೂ ಹೇನಿಲ್ಲ. ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿಯಿಂದಲೇ ಬಂದದ್ದು. ಜಾಗ ಬದಲಿಸಿ ಎಂದು ಟೀಚರಿಗೆ ಹೇಳಿದ್ದೇನೆ.’

ಮಗಳ ತಲೆ ತೋರಿಸಲು ಬರುವ ತಾಯಂದಿರು ಹೀಗೆ ಹೇಳುವುದು ಹೊಸತಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಈ ಮಾತಿಗೆ ಇನ್ನೊಂದು ಮೊನೆಯೂ ಇದೆ. ಕುಣಬಿ, ಗೌಳಿ, ಮರಾಠಾ, ಸಿದ್ದಿ, ಟಿಬೆಟನ್ ಹೀಗೆ ಹಲವು ಜನ ಕೂಡಿ ಬಾಳುವ ಸೀಮೆ ಇದು. ‘ಪಕ್ಕದ ಹುಡುಗಿ’ ಎಂಬುದು ಬಹುಬೇಗ ‘ಅವರ ಪೈಕಿ’ ಎಂದಾಗುತ್ತದೆ.

ಹಾಗಾದರೆ ಹೇನು ನಿಜಕ್ಕೂ ಎಲ್ಲಿಂದ ಬಂತು?

ಮನುಷ್ಯನ ಹೇನಿಗೂ ಚಿಂಪಾಂಜಿಯ ಹೇನಿಗೂ ಮೂಲ ಒಂದೇ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅವು ಬೇರೆಯಾದವು. ಆಫ್ರಿಕಾದಿಂದ ಮನುಷ್ಯ ಹೋದಲ್ಲೆಲ್ಲ ಹೇನೂ ಹೋಯಿತು. ತಾಯಿಯಿಂದ ಬರುವ ವಂಶವಾಹಿಗಳನ್ನು ನೋಡಿ ವಿಜ್ಞಾನಿಗಳು ಹೇನುಗಳಲ್ಲಿ ಎ ಯಿಂದ ಎಫ್ ವರೆಗೆ ಆರು ಕವಲುಗಳನ್ನು ಗುರುತಿಸಿದ್ದಾರೆ. ‘ಎ’ ಕವಲು ಜಗತ್ತಿನ ಎಲ್ಲೆಡೆ ಇದೆ. ಪೆರು ದೇಶದ ಸುಮಾರು 1000 ವರ್ಷ ಹಳೆಯ ಮಮ್ಮಿಗಳ ಕೂದಲಲ್ಲೂ ಸಿಕ್ಕಿದೆ. ‘ಸಿ’ ಕವಲು ಇಥಿಯೋಪಿಯಾದಲ್ಲೂ ಇದೆ, ನೇಪಾಳದಲ್ಲೂ ಇದೆ. ಎಂದರೆ, ಹೇನಿನ ಕುಲಕ್ಕೂ ಮನುಷ್ಯರ ಕುಲಕ್ಕೂ ತಾಳೆಯಾಗುವುದಿಲ್ಲ.

ನಮ್ಮ ಭಾಷೆಯೇ ಇನ್ನೊಂದು ಸಾಕ್ಷಿ. ಹೇನಿಗೆ ಹಳಗನ್ನಡದಲ್ಲಿ ‘ಪೇನ್’, ತಮಿಳಿನಲ್ಲಿ ‘ಪೇನ್’, ತೆಲುಗಿನಲ್ಲಿ ‘ಪೇನು’. ಈ ಭಾಷೆಗಳು ಬೇರೆಯಾಗುವ ಮೊದಲೇ ಹೇನು ಇಲ್ಲಿನವರ ತಲೆಯಲ್ಲಿತ್ತು. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದದ್ದು ಅದೆಷ್ಟೋ ಕಾಲದ ನಂತರ. ಮುಂಡಗೋಡಿಗೆ ಟಿಬೆಟನ್ನರು ಬಂದದ್ದು 1966ರಲ್ಲಿ. ಯಾರನ್ನು ದೂರೋಣ?

ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ, ಅಷ್ಟೇ. ಅದು ಕೊಳಕಿನ ಗುರುತೂ ಅಲ್ಲ, ಬಡತನದ ಗುರುತೂ ಅಲ್ಲ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ.

ಮಾಡಬೇಕಾದದ್ದೇನು?

ಮಗುವಿಗೆ ಹೇನು ಕಂಡರೆ ಮನೆಮಂದಿಯ ತಲೆಯನ್ನೆಲ್ಲ ಅದೇ ದಿನ ನೋಡಿ. ‘ಯಾರಿಗೂ ಇಲ್ಲ’ ಎನ್ನುವ ಮನೆಯಲ್ಲೇ ಅಜ್ಜಿಯ ತುರುಬಿನಲ್ಲಿ ಸಿಗುವುದುಂಟು. ಕೂದಲನ್ನು ಒದ್ದೆ ಮಾಡಿ, ಒತ್ತು ಹಲ್ಲಿನ ಹಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ. ಮೂರು ನಾಲ್ಕು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ. ಶೇಕಡಾ 1ರ ಪರ್ಮೆಥ್ರಿನ್ ಲೋಷನ್ನನ್ನು 10 ನಿಮಿಷ ಹಚ್ಚಿ ತೊಳೆಯಬಹುದು. ಸೀರು ಒಡೆಯಲು 7ರಿಂದ 10 ದಿನ ಬೇಕು. ಆದ್ದರಿಂದ 9ನೆಯ ದಿನ ಇನ್ನೊಮ್ಮೆ ಹಚ್ಚಲೇಬೇಕು. ಎರಡು ತಿಂಗಳೊಳಗಿನ ಕೂಸಿಗೆ ಇದು ಬೇಡ.

ಎರಡು ಸಲ ಹಚ್ಚಿದರೂ ಜೀವಂತ ಹೇನು ಕಂಡರೆ ಅದು ಔಷಧಿಗೆ ಬಗ್ಗದ ಹೇನಿರಬಹುದು. ವೈದ್ಯರಿಗೆ ತೋರಿಸಿ, ಬೇರೆ ಔಷಧಿಗಳಿವೆ. ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿಗಳನ್ನು ತಲೆಗೆ ಎಂದೂ ಹಾಕಬೇಡಿ, ಪ್ರಾಣಕ್ಕೇ ಕುತ್ತು. ತಲೆ ಬೋಳಿಸುವ ಅಗತ್ಯವೂ ಇಲ್ಲ.

ಇನ್ನೊಂದು ಮಾತು. ಒಂದು ಮಗುವನ್ನು ಬೆಂಚಿನಿಂದ ಎಬ್ಬಿಸಿದರೆ ಹೇನು ಹೋಗುವುದಿಲ್ಲ. ತರಗತಿಯ ಎಲ್ಲ ತಾಯಂದಿರೂ ಒಂದೇ ಭಾನುವಾರ ಹಣಿಗೆ ಹಿಡಿದು ಕೂತರೆ ಹೋಗುತ್ತದೆ. ಹೇನಿನ ಗಾಯ ವಾರದಲ್ಲಿ ಮಾಯುತ್ತದೆ. ಎಲ್ಲರೆದುರು ಎದ್ದು ಬೇರೆ ಕೂತ ಮಗುವಿನ ನೋವು ಅಷ್ಟು ಬೇಗ ಮಾಯುವುದಿಲ್ಲ.