ಬೂದಿದಿಬ್ಬ ಯಾರು ಮಾಡಿದ್ದು?



ಕೆರೆ, ಬಾವಿ, ಕಾಲುವೆ ಇವೆಲ್ಲ ಮನುಷ್ಯ ಮಾಡಿದ್ದು, ಗುಡ್ಡ ದಿಬ್ಬ ಮಾತ್ರ ತಾನಾಗಿ ಹುಟ್ಟಿದ್ದು ಅಂತ ನಾವೆಲ್ಲ ತಿಳಿದಿರುತ್ತೇವೆ. ಆದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಮನುಷ್ಯರು ಮಾಡಿದ ದಿಬ್ಬಗಳೂ ಇವೆ. ಅವನ್ನು ಮಾಡಿದವರು ರಾಜರಲ್ಲ, ದನ ಕಾಯುವವರು. ಮಾಡಿದ್ದು ಸಗಣಿಯಿಂದ! ನಗಬೇಡಿ, ಪೂರ್ತಿ ಓದಿ.

ನಮ್ಮೂರ ಹಳ್ಳದ ಆಚೆಗಿರುವ ಬೂದಿದಿಬ್ಬ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಅದರ ಮೇಲೆ ಹುಲ್ಲು ಬೆಳೆದು ಬರೀ ಮಣ್ಣಿನ ದಿಬ್ಬದ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಒಂದು ಕಡೆ ಅಗೆದ ಜಾಗ ನೋಡಿದರೆ ಒಳಗೆಲ್ಲ ಬೆಳ್ಳಗೆ, ಬೂದುಬಣ್ಣಕ್ಕೆ, ನಡುನಡುವೆ ಕಪ್ಪಗೆ ಪದರ ಪದರವಾಗಿದೆ. ಅಲ್ಲಲ್ಲಿ ಕಮ್ಮಾರರ ಕುಲುಮೆಯ ಕಿಟ್ಟದಂಥ ಗಟ್ಟಿ ಉಂಡೆಗಳೂ ಸಿಗುತ್ತವೆ. ನಮ್ಮಜ್ಜನನ್ನು ಕೇಳಿದರೆ, "ರಾಕ್ಷಸರನ್ನ ಸುಟ್ಟ ಬೂದಿ ಐತೆ ಅದು, ಹೊತ್ತು ಮುಣುಗಿದ ಮ್ಯಾಲೆ ಆ ಕಡೆ ಹೋಗಬ್ಯಾಡ" ಅಂತಾನೆ. ಹಂಪಿ ಹತ್ತಿರದ ನಿಂಬಾಪುರದಲ್ಲಿರುವ ಇಂಥದೇ ದಿಬ್ಬವನ್ನು ರಾಮನ ಬಾಣದಿಂದ ಸತ್ತ ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಾರೆ. ಅಜ್ಜನ ಮಾತಿನಲ್ಲಿ ಒಂದು ಸತ್ಯ ಇದೆ ಅಂತ ನನಗನ್ನಿಸುತ್ತದೆ. ಅದು ಬೂದಿಯೇ ಎಂಬುದನ್ನು ಹಳ್ಳಿಯವರು ಮೊದಲಿನಿಂದಲೂ ಸರಿಯಾಗಿಯೇ ಗುರುತಿಸಿದ್ದರು. ಏನು ಸುಟ್ಟ ಬೂದಿ ಎನ್ನುವುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 19ನೇ ಶತಮಾನದ ಮೊದಲ ಅರ್ಧದಲ್ಲಿ ನ್ಯೂಬೋಲ್ಡ್ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಈ ದಿಬ್ಬಗಳ ಬಗ್ಗೆ ಬರೆದನು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬವಿದೆ, ಅದೇ ಆಗ ಎಲ್ಲರ ಕಣ್ಣಿಗೂ ಬಿದ್ದದ್ದು. ಕೆಲವರು ಇದು ಜ್ವಾಲಾಮುಖಿ ಅಂದರು. ಕೆಲವರು ಕಬ್ಬಿಣ ಕಾಯಿಸಿದ ಜಾಗ ಅಂದರು. ಹೆಣಗಳನ್ನು ಸುಟ್ಟ ಜಾಗ ಅಂದವರೂ ಇದ್ದರು. ಆಮೇಲೆ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಗುಡ್ಡಗಳನ್ನೆಲ್ಲ ಸುತ್ತಿದರು. ಭಾರತದಲ್ಲಿ ಹಳೆ ಶಿಲಾಯುಗದ ಕೊಡಲಿಯನ್ನು 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರದಲ್ಲಿ ಗುರುತಿಸಿದವರೂ ಇವರೇ. ಬೂದಿದಿಬ್ಬದ ಸುತ್ತಮುತ್ತ ಇವರಿಗೆ ಮಸೆದು ನುಣುಪು ಮಾಡಿದ ಕಲ್ಲಿನ ಕೊಡಲಿ, ಮಡಕೆ ಚೂರು, ದನದ ಎಲುಬು ಸಿಕ್ಕವು. ಇದು ದನಗಳ ಸಗಣಿ ಸುಟ್ಟ ಬೂದಿ ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಆದರೆ ಎಲ್ಲರೂ ಒಪ್ಪಲಿಲ್ಲ. ಸಗಣಿ ಸುಟ್ಟರೆ ಗಾಜಿನಂಥ ಗಟ್ಟಿ ಉಂಡೆ ಹೇಗೆ ಆಗುತ್ತದೆ ಅನ್ನುವುದು ಅವರ ಅನುಮಾನ.

ನಮ್ಮ ಮನೆಯಲ್ಲಿ ಕುಳ್ಳು ಉರಿಸಿದರೆ ಪುಡಿ ಬೂದಿ ಮಾತ್ರ ಉಳಿಯುತ್ತದೆ, ನಿಜ. ಆದರೆ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ಮರಳಿನಲ್ಲಿ, ಗಾಜಿನಲ್ಲಿ ಇರುವುದೂ ಅದೇ. (ಹುಲ್ಲು ಕೊಯ್ಯುವಾಗ ಕೈ ಕುಯ್ದುಕೊಂಡವರಿಗೆ ಅದರ ಪರಿಚಯ ಇದ್ದೇ ಇರುತ್ತದೆ.) ದನ ಹುಲ್ಲು ತಿಂದರೂ ಸಿಲಿಕಾ ಕರಗುವುದಿಲ್ಲ, ಸಗಣಿಯಲ್ಲೇ ಹೊರಗೆ ಬರುತ್ತದೆ. ಆಳೆತ್ತರದ ಒಣಸಗಣಿ ರಾಶಿಗೆ ಬೆಂಕಿ ಹಚ್ಚಿದರೆ ಒಳಗಿನ ಕಾವು ಒಲೆಯ ಕಾವಿಗಿಂತ ಎಷ್ಟೋ ಹೆಚ್ಚು. ಆ ಕಾವಿಗೆ ಸಿಲಿಕಾ ಬೂದಿಯ ಕ್ಷಾರದ ಜೊತೆ ಸೇರಿ ಕರಗಿ, ಆರಿದ ಮೇಲೆ ಕಿಟ್ಟದ ಹಾಗೆ ಗಟ್ಟಿಯಾಗುತ್ತದೆ. 1950ರ ದಶಕದ ಕೊನೆಯಲ್ಲಿ ಜೋಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಇದು ಸಗಣಿಯೇ ಎಂದು ತೋರಿಸಿದರು.

ಅದೇ ಹೊತ್ತಿಗೆ, 1957ರಲ್ಲಿ, ರೇಮಂಡ್ ಆಲ್ಚಿನ್ ಎಂಬವರು ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಅಲ್ಲಿ ಸುತ್ತಲೂ ಗೂಟ ನೆಟ್ಟ ಕುಳಿಗಳು ಸಾಲಾಗಿ ಸಿಕ್ಕವು. ಅಂದರೆ ಅದು ದನದ ದೊಡ್ಡಿ. ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತುಗಳು ಹಾಗೇ ಅಚ್ಚೊತ್ತಿದಂತೆ ಉಳಿದಿದ್ದವು! ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ಆಕಳು ಹಸಿ ಬೂದಿಯ ಮೇಲೆ ಕಾಲಿಟ್ಟಿದೆ, ಆ ಹೆಜ್ಜೆ ಇನ್ನೂ ಇದೆ. ಅಶೋಕನಿಗಿಂತ, ಬುದ್ಧನಿಗಿಂತ ಹಳೆಯ ಹೆಜ್ಜೆ.

ಇಷ್ಟು ಖಚಿತವಾಗಿ ವರ್ಷ ಹೇಗೆ ಹೇಳುತ್ತಾರೆ ಅಂತ ನಾನು ಸಮಾಜ ವಿಜ್ಞಾನದ ಸರ್ ಅವರನ್ನು ಕೇಳಿದೆ. ಅವರು ಮೊದಲು ತಿಪ್ಪೆಯ ಉದಾಹರಣೆ ಕೊಟ್ಟರು. ತಿಪ್ಪೆಯಲ್ಲಿ ನಿನ್ನೆಯ ಕಸ ಮೇಲೆ, ಯುಗಾದಿಯ ಕಸ ಕೆಳಗೆ. ಯಾರೂ ಕೆದಕದಿದ್ದರೆ ಎಲ್ಲಕ್ಕಿಂತ ಕೆಳಗಿನದೇ ಎಲ್ಲಕ್ಕಿಂತ ಹಳೆಯದು. ದಿಬ್ಬದಲ್ಲೂ ಹಾಗೇ. ಅದಕ್ಕೇ ಪುರಾತತ್ವದವರು ಸಲಿಕೆಯಿಂದ ಗಬಗಬ ಅಗೆಯುವುದಿಲ್ಲ, ಸಣ್ಣ ಕರಣಿ, ಬ್ರಷ್ ಹಿಡಿದು ಒಂದೊಂದೇ ಪದರ ಬಿಡಿಸುತ್ತಾರೆ. ಯಾವ ವಸ್ತು ಯಾವ ಪದರದಲ್ಲಿತ್ತು ಅಂತ ಬರೆದಿಡದಿದ್ದರೆ ಆ ವಸ್ತುವಿನ ಅರ್ಧ ಕಥೆ ಅಲ್ಲಿಗೇ ಮುಗಿಯಿತು. ಇದು ಹಿಂದುಮುಂದು ಹೇಳುವ ಲೆಕ್ಕ. ವರ್ಷದ ಲೆಕ್ಕಕ್ಕೆ ಇಂಗಾಲ-14 ಬೇಕು. ಗಿಡ, ಪ್ರಾಣಿ ಬದುಕಿರುವ ತನಕ ಅವುಗಳಲ್ಲಿ ಇದು ಸ್ವಲ್ಪ ಇರುತ್ತದೆ. ಸತ್ತ ಮೇಲೆ ಹೊಸದಾಗಿ ಸೇರುವುದಿಲ್ಲ, ಇದ್ದದ್ದು ಕಡಿಮೆಯಾಗುತ್ತಾ ಹೋಗುತ್ತದೆ. ಸುಮಾರು 5730 ವರ್ಷಕ್ಕೆ ಅರ್ಧ ಆಗುತ್ತದೆ. ಪದರದಲ್ಲಿ ಸಿಕ್ಕ ಇದ್ದಿಲಿನಲ್ಲಿ ಎಷ್ಟು ಉಳಿದಿದೆ ಅಂತ ಅಳೆದರೆ ಗಿಡ ಯಾವಾಗ ಸತ್ತಿತು ಅಂತ ಗೊತ್ತಾಗುತ್ತದೆ. ಹೀಗೆ ಅಳೆದು, ನಮ್ಮ ಭಾಗದ ನವಶಿಲಾಯುಗ ಸುಮಾರು ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರ ತನಕ ಅಂತ ಹೇಳಿದ್ದಾರೆ. ಬೂದಿದಿಬ್ಬಗಳು ಆ ಕಾಲದವು. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಕಡೆ ಹಾಗೂ ಪಕ್ಕದ ಆಂಧ್ರ, ತೆಲಂಗಾಣದಲ್ಲಿ ಇಂಥವು ನೂರಕ್ಕೂ ಹೆಚ್ಚು ಇವೆ. ಕೆಲವು ಹತ್ತು ಮೀಟರಿನಷ್ಟು ಎತ್ತರ.

ಸಗಣಿ ಯಾಕೆ ಸುಟ್ಟರು? ಗೊಬ್ಬರ ಮಾಡಬಹುದಿತ್ತಲ್ಲ? ಇಲ್ಲಿ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಆಲ್ಚಿನ್ ಅವರ ಪ್ರಕಾರ ವರ್ಷದ ಕೆಲವು ದಿನಗಳಲ್ಲಿ ಹಬ್ಬದ ಹಾಗೆ ಬೆಂಕಿ ಹಾಕುತ್ತಿದ್ದರು. ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಅಂಥ ಆಚರಣೆಗಳ ಬೇರು ಇಲ್ಲಿರಬಹುದು ಅಂತ ಅವರ ಊಹೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಹಲವು ವರ್ಷ ಅಗೆದರು. ಅಲ್ಲಿ ಬೂದಿಯ ಪಕ್ಕದಲ್ಲೇ ಊರು ಸಿಕ್ಕಿತು. ಮನೆಗಳ ತಳಪಾಯ, ಕಲ್ಲಿನ ಆಯುಧ ಮಾಡುವ ಜಾಗ, ದನ ಕೊಯ್ದು ಮಾಂಸ ಹಂಚಿದ ನೆಲ, ಮಕ್ಕಳನ್ನು ಹೂಳಿದ ಗುಳಿಗಳು. ಅಂದರೆ ಇವರು ಬರೀ ಅಲೆಮಾರಿಗಳಲ್ಲ. ದೊಡ್ಡಿಯ ಸಗಣಿಯನ್ನು ಒಂದು ಕಡೆ ಒಟ್ಟಿ ಆಗಾಗ ಸುಡುತ್ತಿದ್ದರು ಅಂತ ಅವರು ಹೇಳುತ್ತಾರೆ. ಇನ್ನು ಕೆಲವರು, ದೂರದಿಂದ ಕಾಣಲಿ ಅಂತಲೇ ಬೇಕೆಂದು ಎತ್ತರ ಮಾಡಿದ್ದು, ಗುಡಿಯ ಗೋಪುರದ ಹಾಗೆ, ಅನ್ನುತ್ತಾರೆ. ನನಗೆ ಎರಡೂ ಸೇರಿ ನಿಜ ಇರಬಹುದು ಅನ್ನಿಸುತ್ತದೆ. ಹೋಳಿ ಹುಣ್ಣಿಮೆಗೆ ನಾವು ಕಸವನ್ನೂ ಸುಡುತ್ತೇವೆ, ಕಾಮನನ್ನೂ ಸುಡುತ್ತೇವೆ.

ಇನ್ನು ಅವರ ಊಟದ ವಿಷಯ. ಅಗೆದ ಮಣ್ಣನ್ನು ನೀರಿನ ತೊಟ್ಟಿಗೆ ಹಾಕಿ ಕಲಕುತ್ತಾರೆ. ಕಾಳು ತೊಳೆಯುವಾಗ ಜೊಳ್ಳು ಮೇಲೆ ತೇಲುವುದಿಲ್ಲವೇ, ಹಾಗೆ ಸುಟ್ಟು ಕರಿಯಾದ ಹಳೇ ಕಾಳುಗಳು ತೇಲಿ ಬರುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಬೆಳೆ ಅಂತ ಗುರುತಿಸುತ್ತಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಈ ಕೆಲಸ ಮಾಡಿದರು. ಸಿಕ್ಕ ಮುಖ್ಯ ಬೆಳೆಗಳು: ಕೊರಲೆ, ಹುರುಳಿ, ಹೆಸರು. ಜೋಳ ಆಗ ಇರಲೇ ಇಲ್ಲ! ಜೋಳ, ಸಜ್ಜೆ, ರಾಗಿ ಮೂರೂ ಮೂಲತಃ ಆಫ್ರಿಕಾದವು, ಆಮೇಲೆ ಬಂದವು. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಅಂತೂ ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ಇದನ್ನು ನಮ್ಮವ್ವನಿಗೆ ಹೇಳಿದಾಗ, "ರೊಟ್ಟಿ ಇಲ್ಲ, ಶೇಂಗಾ ಚಟ್ನಿ ಇಲ್ಲ, ಹೆಂಗ ಬದುಕಿದ್ರೋ ಪಾಪ" ಅಂದಳು. ಹುರುಳಿ ಇತ್ತಲ್ಲವ್ವ ಅಂದೆ. "ಹಂಗಾದ್ರ ಪರವಾಗಿಲ್ಲ, ಕಟ್ಟಿನ ಸಾರಾದ್ರೂ ಉಂಡಾರ" ಅಂದಳು.

ಸಂಗನಕಲ್ಲಿನ ಹಿರೇಗುಡ್ಡ ಒಂದು ಕಾರ್ಖಾನೆಯೇ ಆಗಿತ್ತು. ಅಲ್ಲಿನ ಕರಿಕಲ್ಲನ್ನು ಒಡೆದು, ಬಂಡೆಯ ಮೇಲೆ ಮಸೆದು ಕೊಡಲಿ ಮಾಡುತ್ತಿದ್ದರು. ಮಸೆದ ಗುಳಿಗಳು ಬಂಡೆಗಳಲ್ಲಿ ಈಗಲೂ ಇವೆ. ಡುಬ್ಬ ಇರುವ, ಉದ್ದ ಕೋಡಿನ ಎತ್ತುಗಳ ಚಿತ್ರಗಳನ್ನು ಬಂಡೆಗೆ ಕುಟ್ಟಿ ಮಾಡಿದ್ದಾರೆ. ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳೂ ಇವೆ. ಕೊಡಲಿ ಬಂದ ಮೇಲೆ ಮರ ಬಿದ್ದವು. ದನ ಹೆಚ್ಚಾದಂತೆ ಮೇವಿನ ಬಯಲು ಹೆಚ್ಚಾಯಿತು. ನಾವು ದಿನಾ ನೋಡುವ ಕುರುಚಲು, ಬಯಲು, ಬೋಳುಗುಡ್ಡ ಇವೆಲ್ಲ ಮೊದಲಿನಿಂದ ಹೀಗೇ ಇದ್ದವಲ್ಲ. ಮಳೆ ಕಡಿಮೆಯಾದದ್ದರಿಂದ ಮಾತ್ರ ಹೀಗಾದದ್ದೂ ಅಲ್ಲ. ಕೊಡಲಿ, ಬೆಂಕಿ, ದನ ಮೂರೂ ಸೇರಿ ಸಾವಿರಾರು ವರ್ಷ ಕೆಲಸ ಮಾಡಿವೆ. ಅದರ ಮೇಲೆ ಕಬ್ಬಿಣ ಯುಗದವರು ಹಿರೇಬೆಣಕಲ್ಲಿನ ಗುಡ್ಡದಲ್ಲಿ ದೊಡ್ಡ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಗೋರಿಮನೆ ಕಟ್ಟಿದರು. ವಿಜಯನಗರದವರು ತುಂಗಭದ್ರೆಯಿಂದ ಕಾಲುವೆ ತಂದರು. ಹಂಪಿಯ ತುರ್ತು ಕಾಲುವೆಯ ನೀರಿನಲ್ಲಿ ಇವತ್ತಿಗೂ ಬಾಳೆ ಬೆಳೆಯುತ್ತಾರೆ.

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ. ನಮ್ಮ ದಿಬ್ಬದ ಬೂದಿಯನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತಿರುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಚಿಕ್ಕಪ್ಪನೂ ಹೊಡೆಸಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬೂದಿಯಲ್ಲಿ ಪೊಟ್ಯಾಶ್, ರಂಜಕ, ಸುಣ್ಣ ಇರುತ್ತವೆ, ಬೆಳೆ ಚೆನ್ನಾಗಿ ಬರುತ್ತದೆ. "ಗೊಬ್ಬರದ ಚೀಲಕ್ಕ ರೊಕ್ಕ ನೀನ್ ಕೊಡ್ತೀಯೇನು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಂದು ಲೆಕ್ಕ ಮಾಡಿ ತೋರಿಸಿದೆ. ಸಗಣಿ ಒಟ್ಟಿ, ಸುಟ್ಟು, ಮತ್ತೆ ಒಟ್ಟಿ ಒಂದು ದಿಬ್ಬ ಆಗಲು ಎಷ್ಟೋ ತಲೆಮಾರು ಹಿಡಿದಿದೆ. ಟ್ರ್ಯಾಕ್ಟರಿಗೆ ಎರಡು ಬೇಸಿಗೆ ಸಾಕು. ಹೊಲಕ್ಕೆ ಹರಡಿದ ಬೂದಿಯಲ್ಲಿ ಪೊಟ್ಯಾಶ್ ಉಳಿಯುತ್ತದೆ, ಪದರ ಉಳಿಯುವುದಿಲ್ಲ. ಗೊರಸಿನ ಗುರುತು, ಕರಿದ ಹುರುಳಿಕಾಳು ಯಾವುದೂ ಆಮೇಲೆ ಓದಲು ಬರುವುದಿಲ್ಲ. ಚಿಕ್ಕಪ್ಪ ಏನೂ ಹೇಳಲಿಲ್ಲ. ಈ ವರ್ಷ ಬೂದಿ ಹೊಡೆಸಿಯೂ ಇಲ್ಲ. ಮುಂದಿನ ವರ್ಷದ್ದು ಗೊತ್ತಿಲ್ಲ.

ನಮ್ಮದು ಮಾತ್ರ ಹೀಗಲ್ಲ. ಬೂದಿದಿಬ್ಬಗಳನ್ನು ಗೊಬ್ಬರಕ್ಕೆ ಸಾಗಿಸುವುದು ಬಹಳ ಕಡೆ ನಡೆದಿದೆ. ಹಿರೇಗುಡ್ಡದ ಸುತ್ತ ಕಲ್ಲು ಒಡೆಯುವುದರಿಂದ ಚಿತ್ರದ ಬಂಡೆಗಳಿಗೇ ಧಕ್ಕೆಯಾಗಿದೆ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ವಸ್ತು ಸಂಗ್ರಹಾಲಯ ಇದೆ, ಸಂಗನಕಲ್ಲಿನ ವಸ್ತುಗಳನ್ನು ಅಲ್ಲಿ ನೋಡಬಹುದು. ಪ್ರವಾಸಕ್ಕೆ ಈ ಸಲ ಅಲ್ಲಿಗೆ ಹೋಗೋಣ ಅಂತ ಹೆಡ್‌ಮಾಸ್ತರರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.

ಹತ್ತನೇ ತರಗತಿಯ ನಾವು ಐದು ಜನ ಸೇರಿ ದಿಬ್ಬದ ನಕ್ಷೆ ಬರೆಯುತ್ತಿದ್ದೇವೆ. ಹಗ್ಗ ಹಿಡಿದು ಉದ್ದ ಅಗಲ ಅಳೆದಾಗಿದೆ, ಅಗೆದ ಕಡೆ ಎಷ್ಟು ಪದರ ಕಾಣುತ್ತವೆ ಅಂತ ಎಣಿಸುವುದು ಬಾಕಿ. ನಾವು ಯಾವುದನ್ನೂ ಕೆದಕುವುದಿಲ್ಲ, ಕೀಳುವುದಿಲ್ಲ. ನಿಮ್ಮಿಂದ ಒಂದು ಸಹಾಯ ಬೇಕು. ನಮ್ಮ ಭಾಗದಲ್ಲಿ ನುಣ್ಣನೆಯ ಕೊಡಲಿಕಲ್ಲು ಹೊಲದಲ್ಲಿ ಸಿಕ್ಕರೆ ತಂದು ಬೇವಿನ ಕಟ್ಟೆಯ ಮೇಲೋ ಗುಡಿಯಲ್ಲೋ ಇಟ್ಟು ಕುಂಕುಮ ಹಚ್ಚುವ ರೂಢಿ ಇದೆ. ನಿಮ್ಮ ಓಣಿಯ ಕಟ್ಟೆಯ ಮೇಲೆ ಅಂಥ ಕಲ್ಲು ಇದ್ದರೆ ಅದನ್ನು ಅಲ್ಲೇ ಬಿಡಿ, ಎತ್ತಿಕೊಂಡು ಬರಬೇಡಿ. ಅದು ಯಾರ ಹೊಲದಲ್ಲಿ, ಯಾವ ಕಡೆ ಸಿಕ್ಕಿತು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಗೋಡೆಪತ್ರಿಕೆಯ ಪೆಟ್ಟಿಗೆಗೆ ಹಾಕಿ. ನಕ್ಷೆಯಲ್ಲಿ ಆ ಜಾಗಕ್ಕೆ ಕೆಂಪು ಚುಕ್ಕೆ ಇಡುತ್ತೇವೆ. ಇಲ್ಲಿಯವರೆಗೆ ಮೂರು ಚುಕ್ಕೆ ಆಗಿವೆ, ಮೂರೂ ಹಳ್ಳದ ದಂಡೆಯ ಹೊಲಗಳವು.